ಹಂಚಿನ ಮಾಡಿನ ಹಾಲ್‌ಗೆ ಯಾವ ಡಿಫ್ಯೂಸರ್?

ನಮಸ್ಕಾರ. ಉಡುಪಿಯಲ್ಲಿ ಹಂಚಿನ ಮಾಡಿನ ಹಾಲ್‌ನಲ್ಲಿ ಮದುವೆ, ಕ್ಯಾಮೆರಾ ಮೇಲಿನ ಫ್ಲ್ಯಾಶ್‌ಗೆ ಡಿಫ್ಯೂಸರ್ ಆಗಿ (ಬೆಳಕನ್ನು ಮೃದುಗೊಳಿಸಲು) ಪ್ಲಾಸ್ಟಿಕ್ ಡೋಮ್ ಎಂಬ ಬಿಳಿ ಮುಚ್ಚಳ ಸಾಕೇ, ಸಣ್ಣ ಸಾಫ್ಟ್‌ಬಾಕ್ಸ್ (ಮುಂದೆ ಬಿಳಿ ಬಟ್ಟೆಯಿರುವ ಪೆಟ್ಟಿಗೆ) ಬೇಕೇ ಎಂದು ಕೇಳಿದ್ದೀರಿ.

ದಯವಿಟ್ಟು ಡೋಮ್‌ಗೆ ದುಡ್ಡು ಹಾಕಬೇಡಿ. ಅದು ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ. ಆ ಬೆಳಕು ಮರಳಿ ಬರಲು ಹತ್ತಿರದಲ್ಲಿ ಬಿಳಿ ಗೋಡೆಯೋ ಬಿಳಿ ಸೀಲಿಂಗೋ ಇರಬೇಕು. ಎತ್ತರದ ಹಂಚು, ಕಪ್ಪು ಪಕ್ಕಾಸು ಅದನ್ನು ನುಂಗಿಬಿಡುತ್ತವೆ. ಮರಳಿ ಬರುವ ಅಷ್ಟಿಷ್ಟರಲ್ಲೂ ಹಂಚಿನ ಕೆಂಪು ಸೇರಿರುತ್ತದೆ. ಬ್ಯಾಟರಿ ಬೇರೆ ಬೇಗ ಖಾಲಿ.

ಅಲ್ಲಿಗೆ ಬೌನ್ಸ್ ಕಾರ್ಡೇ ಸರಿ, ಅಂದರೆ ಮೇಲಕ್ಕೆ ತಿರುಗಿಸಿದ ಫ್ಲ್ಯಾಶಿನ ಹಿಂದೆ ಕಟ್ಟಿ ಬೆಳಕನ್ನು ಮುಂದಕ್ಕೆ ಕಳಿಸುವ ಬಿಳಿ ಹಾಳೆ. ಬಿಳಿ ಫೋಮ್ ಶೀಟ್, ಒಂದು ರಬ್ಬರ್ ಬ್ಯಾಂಡ್, ಅಷ್ಟೇ. ಅಂಗೈಗಿಂತ ದೊಡ್ಡದಾಗಿ ಕತ್ತರಿಸಿ. ಬೆಳಕಿನ ಮೂಲ ದೊಡ್ಡದಾದಷ್ಟೂ ನೆರಳು ಮೃದು. ಸಣ್ಣ ಸಾಫ್ಟ್‌ಬಾಕ್ಸ್ ವಧುವಿನ ಹತ್ತಿರದ ಚಿತ್ರಗಳಿಗೆ ಚೆನ್ನ, ದೂರ ಹೋದಂತೆ ಬರಿಯ ಫ್ಲ್ಯಾಶ್‌ಗೂ ಅದಕ್ಕೂ ವ್ಯತ್ಯಾಸ ಕಾಣದು.

ಧಾರೆಯ ಹೊತ್ತಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ರ ಆಸುಪಾಸು ಇಟ್ಟು ಫ್ಲ್ಯಾಶನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಿ. ಇಲ್ಲದಿದ್ದರೆ ಮುಡಿಯ ಮಲ್ಲಿಗೆಯಲ್ಲಿ ಎಸಳೇ ಕಾಣದೆ ಬರೀ ಬಿಳಿ ಮುದ್ದೆ ಉಳಿಯುತ್ತದೆ, ನನಗಂತೂ ಅದು ಸಹಿಸಲಾಗದು. ಮಂಟಪದಲ್ಲಿ ಹಳದಿ ದೀಪಗಳಿದ್ದರೆ ಫ್ಲ್ಯಾಶಿನ ಬೆಳಕೂ ಅದೇ ಬಣ್ಣಕ್ಕೆ ಬರಲು ಅದರ ಮುಂದೆ ಕಿತ್ತಳೆ ಬಣ್ಣದ ಜೆಲ್ (ಪಾರದರ್ಶಕ ಹಾಳೆ) ಹಾಕಿ. ರಿಸೆಪ್ಷನ್ ಬಿಳಿ ಫಾಲ್ಸ್ ಸೀಲಿಂಗ್ ಇರುವ ಹಾಲ್‌ನಲ್ಲಾದರೆ ಏನೂ ಬೇಡ, ಫ್ಲ್ಯಾಶಿನ ತಲೆಯನ್ನು ನಿಮ್ಮ ಹೆಗಲ ಹಿಂದಕ್ಕೆ, ಮೇಲಕ್ಕೆ ತಿರುಗಿಸಿ.