"ನೀವು ನೋಡಿರುತ್ತೀರಿ ಎಂದುಕೊಂಡೆ, ಸಿಸ್ಟರ್"

(ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಆಕೆ ನನ್ನ ಬಳಿ ಸಲಹೆಗೆ ಬಂದದ್ದು ನಿದ್ರೆ ಬರುವುದಿಲ್ಲವೆಂದು. ವಯಸ್ಸು ನಲವತ್ತರ ಆಸುಪಾಸು, ಖಾಸಗಿ ಆಸ್ಪತ್ರೆಯೊಂದರ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಮೂರು ಪಾಳಿಗೆ ಸೇರಿ ಹನ್ನೊಂದು ಮಂದಿ ನರ್ಸುಗಳು ಕೈಕೆಳಗಿದ್ದರು. ಮೊದಲ ಭೇಟಿಯ ಮುಕ್ಕಾಲು ಗಂಟೆಯಲ್ಲಿ ಮೇಜಿನ ಮೇಲಿಟ್ಟ ಮೊಬೈಲ್ ಆರು ಬಾರಿ ಅದುರಿತು. ಅಂದು ಆಕೆಗೆ ವಾರದ ರಜೆ. ಒಂದು ಕರೆಯಂತೂ ಹತ್ತಿಯ ಸುರುಳಿ ಯಾವ ಕಪಾಟಿನಲ್ಲಿದೆ ಎಂದು ಕೇಳಲು. "ನೋಡಿ ಮೇಡಂ, ಇವರಲ್ಲಿ ಒಬ್ಬರಿಗಾದರೂ ಸ್ವಂತ ಬುದ್ಧಿ ಬೇಡವೇ?" ಎಂದು ನಿಟ್ಟುಸಿರು ಬಿಟ್ಟರು.

ನಿದ್ರೆ ಕೆಟ್ಟದ್ದು ಒಂದು ಘಟನೆಯ ನಂತರ. ಜ್ವರದ ರೋಗಿಯೊಬ್ಬರಿಗೆ ಡ್ಯೂಟಿ ಡಾಕ್ಟರ್ ಪ್ಯಾರಾಸಿಟಮಾಲ್ ಡ್ರಿಪ್ ಬರೆದಿದ್ದರು. ಸಂಜೆ ಬಂದ ಇನ್ನೊಬ್ಬ ವೈದ್ಯರು ನೆಗಡಿಗೆಂದು ಒಂದು ಮಾತ್ರೆ ಸೇರಿಸಿದರು. ಕಂಪನಿಯ ಹೆಸರು ಬೇರೆ, ಒಳಗಿರುವುದು ಅದೇ ಪ್ಯಾರಾಸಿಟಮಾಲ್. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಬಾರದ, ಮೀರಿದರೆ ಯಕೃತ್ತಿಗೆ ಪೆಟ್ಟು ಕೊಡಬಲ್ಲ ಔಷಧಿ ಅದು. ಬೆಳಿಗ್ಗೆ ಸಿಸ್ಟರ್ ಚಾರ್ಟ್ ನೋಡಿದರು, ಮಾತ್ರೆ ನಿಲ್ಲಿಸಿದರು, ರೋಗಿಗೆ ಏನೂ ಆಗಲಿಲ್ಲ. ಆದರೆ ರಾತ್ರಿ ಪಾಳಿಯ ಹುಡುಗಿಗೂ ಅದು ಕಂಡಿತ್ತಂತೆ. ಏಕೆ ಹೇಳಲಿಲ್ಲವೆಂದು ಗದರಿದರೆ ಆಕೆ ತಲೆ ತಗ್ಗಿಸಿ, "ನೀವು ನೋಡಿರುತ್ತೀರಿ ಎಂದುಕೊಂಡೆ, ಸಿಸ್ಟರ್" ಎಂದಳು.

ನಾನು ಮೊದಲು ಕೊಟ್ಟ ಸಲಹೆ ನೆಲಕಚ್ಚಿತು. ಕೆಲಸ ಹಂಚಿಕೊಡಿ ಎಂದಿದ್ದೆ. ಯಾರು ಬೇಕಾದರೂ ಹೇಳುವ ಮಾತು. ಡ್ಯೂಟಿ ಪಟ್ಟಿ ಹಾಕುವುದನ್ನು ಒಬ್ಬಳಿಗೂ, ಔಷಧಿ ಇಂಡೆಂಟನ್ನು, ಅಂದರೆ ತರಿಸಬೇಕಾದ ಔಷಧಿಗಳ ಬೇಡಿಕೆ ಪಟ್ಟಿಯನ್ನು, ಇನ್ನೊಬ್ಬಳಿಗೂ ವಹಿಸಿದರು. ನಾಲ್ಕನೆಯ ದಿನ ಎರಡನ್ನೂ ವಾಪಸ್ ತೆಗೆದುಕೊಂಡರು. "ನಾನೇ ಮಾಡಿದರೆ ಹತ್ತು ನಿಮಿಷ, ಮೇಡಂ."

ನನಗೆ ದಾರಿ ತೋರಿಸಿದ್ದು ಬೇರೊಂದು ಮಾತು. ನರ ಸಿಗದ ರೋಗಿಗೆ ಕ್ಯಾನುಲಾ (ಡ್ರಿಪ್ ಕೊಡಲು ನರದೊಳಗೆ ಇಡುವ ಸಣ್ಣ ಕೊಳವೆ) ಹಾಕುವುದರಲ್ಲಿ ಈಕೆ ಎತ್ತಿದ ಕೈ. ಬೇರೆ ವಾರ್ಡಿನವರೂ ಕರೆಯುತ್ತಿದ್ದರು. ಹೇಗೆ ಹಾಕುತ್ತೀರಿ ಎಂದು ಕೇಳಿದೆ. ಮುಖ ಅರಳಿತು. ನನ್ನ ಮುಂಗೈ ಹಿಡಿದು, ಬೆರಳ ತುದಿಯಿಂದ ಮೆಲ್ಲಗೆ ಒತ್ತಿ, "ಕಣ್ಣಿಂದ ಹುಡುಕಬಾರದು, ಬೆರಳಿಗೆ ಸಿಗುತ್ತದೆ. ಒತ್ತಿದರೆ ಪುಟಿಯಬೇಕು" ಎಂದರು. ಇದನ್ನು ಹುಡುಗಿಯರಿಗೆ ಕಲಿಸಿದ್ದೀರಾ ಎಂದೆ. ಅವರು ಒಮ್ಮೆ ಚುಚ್ಚಿ ತಪ್ಪಿದರೆ ತಾನೇ ಸೂಜಿ ತೆಗೆದುಕೊಳ್ಳುತ್ತೇನೆ ಎಂದವರು, ಹೇಳುತ್ತ ಹೇಳುತ್ತಲೇ ಸುಮ್ಮನಾದರು. ಅಂದು ನನ್ನ ಮಾತುಗಳನ್ನೂ ಆಕೆಯೇ ಮುಗಿಸುತ್ತಿದ್ದರು. ಅದನ್ನು ಹೇಳಿದಾಗ ನಕ್ಕರು, ಆಮೇಲೆ ಕಣ್ಣು ತುಂಬಿಕೊಂಡರು.

ಕೆಲಸದಲ್ಲಿ ನಿಪುಣರಾದವರನ್ನೇ ಮೇಲಕ್ಕೇರಿಸುತ್ತೇವೆ. ಏರಿದ ಮೇಲೂ ಅವರು ನಿಪುಣರಾಗಿಯೇ ಉಳಿಯುತ್ತಾರೆ. ತೊಡಕು ಹುಟ್ಟುವುದು ಅಲ್ಲಿ. ಹುಡುಗಿಯರಿಗೆ ಬುದ್ಧಿಯಿಲ್ಲ ಎಂಬುದನ್ನು ನಾನು ಒಪ್ಪಲಿಲ್ಲ. ಎಲ್ಲವನ್ನೂ ಒಬ್ಬರು ನೋಡುತ್ತಾರೆ, ತಪ್ಪಿದರೆ ರೋಗಿಯ ಕಡೆಯವರ ಎದುರೇ ಬೈಯುತ್ತಾರೆ ಎಂದಾದರೆ ಬಾಯಿ ಮುಚ್ಚಿಕೊಂಡಿರುವುದೇ ಜಾಣತನ.

ಹಾಗಾಗಿ ಸಲಹೆ ಬದಲಾಯಿತು. ಕ್ಯಾನುಲಾ ಹಾಕುವಾಗ ಪಕ್ಕದಲ್ಲಿ ನಿಲ್ಲಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿ. ನರ ಎದ್ದು ಕಾಣುವ ರೋಗಿಯಿಂದಲೇ ಆರಂಭಿಸಿ. ಕಲಿಕೆಯ ಬೆಲೆಯನ್ನು ರೋಗಿ ತೆರಬಾರದು. ಎರಡು ಸಲ ತಪ್ಪಿದರೆ ಮಾತ್ರ ನಿಮ್ಮ ಕೈ. ಬೆಳಗಿನ ಹ್ಯಾಂಡೋವರಿನಲ್ಲಿ, ಅಂದರೆ ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ಹೊತ್ತಿನಲ್ಲಿ, ಎಲ್ಲರಿಗಿಂತ ಕೊನೆಗೆ ಮಾತನಾಡಿ. ಯಾರಾದರೂ ಏನು ಮಾಡಲಿ ಎಂದು ಕೇಳಿದರೆ "ನಿನಗೇನು ಅನ್ನಿಸುತ್ತದೆ?" ಎಂದು ತಿರುಗಿ ಕೇಳಿ, ಜೀವಕ್ಕೆ ಅಪಾಯವಿರುವ ಹೊತ್ತಿನಲ್ಲಿ ಬೇಡ, ಆಗ ನೇರವಾಗಿ ಆಜ್ಞೆ ಮಾಡಿ. ತಪ್ಪು ಹೇಳಿಕೊಂಡವಳಿಗೆ ಮೊದಲು "ಹೇಳಿದ್ದು ಒಳ್ಳೆಯದಾಯಿತು", ವಿಚಾರಣೆ ಆಮೇಲೆ, ಅದೂ ನಾಲ್ಕು ಗೋಡೆಯ ಒಳಗೆ. ಇನ್ನೊಂದು ಸಲಹೆಗೆ ಅವರು ಎರಡು ವಾರ ಒಪ್ಪಲಿಲ್ಲ: ನಿಮ್ಮದೇ ಒಂದು ತಪ್ಪನ್ನು ಹ್ಯಾಂಡೋವರಿನಲ್ಲಿ ಹೇಳಿ.

ಕೊನೆಗೆ ಹೇಳಿದರು. ಹೊಸಬಳಾಗಿದ್ದಾಗ ಇಬ್ಬರು ರೋಗಿಗಳ ಇನ್ಸುಲಿನ್ ಅದಲುಬದಲು ಮಾಡುವುದರಲ್ಲಿದ್ದೆ, ಆಯಾ ತಡೆದಳು ಎಂದು. ವಾರ್ಡಿನಲ್ಲಿ ಯಾರೂ ಮಾತನಾಡಲಿಲ್ಲವಂತೆ. ಆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಇಬ್ಬರು ಬಂದು ತಮ್ಮ ತಪ್ಪುಗಳನ್ನು ಹೇಳಿಕೊಂಡರು.

ಎರಡು ತಿಂಗಳ ನಂತರ ಗಾಬರಿಯಿಂದ ಬಂದರು. ವಾರ್ಡಿನ ತಪ್ಪುಗಳನ್ನು ಬರೆದಿಡುವ ಇನ್ಸಿಡೆಂಟ್ ರಿಜಿಸ್ಟರಿನಲ್ಲಿ ಮೊದಲು ತಿಂಗಳಿಗೆ ಒಂದೋ ಎರಡೋ ದಾಖಲಾಗುತ್ತಿದ್ದವು, ಈಗ ಏಳು. ಆಡಳಿತದವರು ಕಾರಣ ಕೇಳಿದ್ದರು. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರ ಅಧ್ಯಯನದ ಬಗ್ಗೆ ನಾನು ಆಗ ಹೇಳಿದೆ. 1996ರಲ್ಲಿ ಪ್ರಕಟವಾದದ್ದು, ವಿಷಯ ಆಸ್ಪತ್ರೆ ವಾರ್ಡುಗಳ ಔಷಧಿ ತಪ್ಪುಗಳು. ಒಳ್ಳೆಯ ನಾಯಕತ್ವವಿರುವ ವಾರ್ಡಿನಲ್ಲಿ ತಪ್ಪು ಕಡಿಮೆಯಿರುತ್ತದೆಂದು ಎಣಿಸಿದ್ದ ಅವರಿಗೆ ಸಿಕ್ಕ ಅಂಕಿಗಳು ತಿರುಗುಮುರುಗಾಗಿದ್ದವು. ಆ ವಾರ್ಡುಗಳವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದುದೇ ಇದಕ್ಕೆ ಕಾರಣ ಎಂಬುದು ಅವರ ವಿವರಣೆ. ಸಿಸ್ಟರ್ ಏಳೂ ದಾಖಲೆಗಳನ್ನು ಮತ್ತೆ ಓದಿದರು. ಐದು, ರೋಗಿಯನ್ನು ಮುಟ್ಟುವ ಮೊದಲೇ ಯಾರೋ ಹಿಡಿದವು. ಆಡಳಿತದವರಿಗೆ ಅದನ್ನೇ ಬರೆದುಕೊಟ್ಟರು. ಅವರು ಒಪ್ಪಿದರೆಂದು ನಾನು ಹೇಳಲಾರೆ; ಸುಮ್ಮನಾದರು, ಅಷ್ಟೆ.

ಎಲ್ಲವೂ ಸರಿಹೋಗಲಿಲ್ಲ. ಹಿರಿಯ ನರ್ಸೊಬ್ಬರು ಈಗಲೂ "ಏನು ಮಾಡಲಿ ಹೇಳಿ, ಅಷ್ಟು ಸಾಕು" ಎನ್ನುತ್ತಾರೆ. ಡ್ಯೂಟಿ ಪಟ್ಟಿಯನ್ನು ಸಿಸ್ಟರ್ ಇನ್ನೂ ಬಿಟ್ಟುಕೊಟ್ಟಿಲ್ಲ, ನಾನೂ ಒತ್ತಾಯಿಸಿಲ್ಲ. ನಿದ್ರೆ ವಾರಕ್ಕೆ ನಾಲ್ಕೈದು ದಿನ ಬರುತ್ತಿದೆ.

ಕೊನೆಯ ಭೇಟಿಯೂ ರಜೆಯ ದಿನವೇ ಇತ್ತು. ಮೊಬೈಲ್ ಮೇಜಿನ ಮೇಲೆ ಮುಕ್ಕಾಲು ಗಂಟೆ ಸುಮ್ಮನೆ ಬಿದ್ದಿತ್ತು. ಮಾತಿನ ನಡುವೆ ಸಿಸ್ಟರ್ ಎರಡು ಸಲ ಅದನ್ನೆತ್ತಿ, ಸೈಲೆಂಟ್‌ನಲ್ಲಿ ಇಲ್ಲ ತಾನೇ ಎಂದು ನೋಡಿಕೊಂಡರು.