ಗಂಡ ಬದುಕಿರುವಾಗಲೇ ಎಲ್‌ಐಸಿ ಬಾಂಡ್ ಹುಡುಕಿದ್ದು ತಪ್ಪೇ?: ಒಂದು ಆಪ್ತಸಲಹೆ ಪ್ರಕರಣ

ಸುಮಾ ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲ ಎಂದು. ವಯಸ್ಸು 44. ಹೆಸರು, ಊರು, ಇನ್ನು ಕೆಲವು ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಗಂಡ ರಮೇಶ್‌ಗೆ 51. ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಬೆನ್ನು ನೋವು, ಗ್ಯಾಸ್ಟ್ರಿಕ್ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದರು. ಕಣ್ಣು ಹಳದಿಯಾದ ಮೇಲೆ ಸ್ಕ್ಯಾನ್ ಆಯಿತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಲಿವರ್‌ಗೂ ಹರಡಿತ್ತು. ಆ ಗ್ರಂಥಿ ಹೊಟ್ಟೆಯ ಹಿಂದೆ ಆಳದಲ್ಲಿರುತ್ತದೆ, ಶುರುವಿನಲ್ಲಿ ಹೆಚ್ಚಾಗಿ ಸ್ಪಷ್ಟ ಸುಳಿವು ಕೊಡುವುದಿಲ್ಲ. "ಮೊದಲೇ ತೋರಿಸಬೇಕಿತ್ತು" ಎಂದು ಕೊರಗುತ್ತಿದ್ದ ಸುಮಾಗೆ ನಾನು ಮೊದಲು ಹೇಳಿದ್ದೇ ಇದನ್ನು. ಈ ಕಾಯಿಲೆ ಬಹಳಷ್ಟು ಜನರಲ್ಲಿ ತಡವಾಗಿಯೇ ಗೊತ್ತಾಗುತ್ತದೆ, ಅದು ನಿಮ್ಮ ಅಸಡ್ಡೆಯಿಂದ ಆದದ್ದಲ್ಲ ಎಂದೆ.

ಡಾಕ್ಟರ್ ಸುಮಾ ಮತ್ತು ಮೈದುನನನ್ನು ಹೊರಗೆ ಕರೆದು ಹೇಳಿದ್ದರು: ಗುಣ ಮಾಡುವ ಹಂತ ದಾಟಿದೆ, ಇನ್ನು ತಿಂಗಳುಗಳ ಲೆಕ್ಕ. ಕ್ಯಾನ್ಸರ್ ಎನ್ನುವುದು ರಮೇಶ್‌ಗೆ ಗೊತ್ತಿತ್ತು. ಗುಣವಾಗುವುದಿಲ್ಲ ಎನ್ನುವುದನ್ನು ಮಾತ್ರ ಮನೆಯವರು ಮುಚ್ಚಿಟ್ಟಿದ್ದರು. "ಅಣ್ಣನಿಗೆ ಹೇಳೋದು ಬೇಡ ಅತ್ತಿಗೆ, ಧೈರ್ಯ ಕಳ್ಕೋತಾನೆ" ಎಂದಿದ್ದರು ಮೈದುನ. ಅತ್ತೆಗೆ 76 ವರ್ಷ, ಅವರಿಗೂ ಹೇಳಿರಲಿಲ್ಲ. ಹಾಸ್ಟೆಲಿನಲ್ಲಿದ್ದ ಮಗಳಿಗೆ, ಎಸ್‌ಎಸ್‌ಎಲ್‌ಸಿ ಓದುತ್ತಿದ್ದ ಮಗನಿಗೆ ಹೇಳುವ ಮಾತೇ ಇರಲಿಲ್ಲ.

ಮೊದಲ ದಿನ ತುಂಬಾ ಹೊತ್ತು ನಿದ್ದೆ, ಊಟ, ತಲೆನೋವು ಎಂದೇ ಮಾತಾಡಿದರು. ಎದ್ದು ಹೊರಡುವ ಹೊತ್ತಿಗೆ ಬ್ಯಾಗಿನ ಜಿಪ್ ಎಳೆಯುತ್ತಾ, ನನ್ನ ಕಡೆ ನೋಡದೆ ಹೇಳಿದರು:

"ಮೇಡಂ, ಇವರು ಮಲಗಿದ ಮೇಲೆ ಬೀರು ತೆಗೆದು ಎಲ್‌ಐಸಿ ಬಾಂಡ್ ಹುಡುಕ್ತಿದ್ದೆ. ಟಾರ್ಚ್ ಹಾಕ್ಕೊಂಡು, ಕಳ್ಳಿ ಥರ. ಗಂಡ ಇನ್ನೂ ಪಕ್ಕದ ರೂಮಲ್ಲಿ ಉಸಿರಾಡ್ತಿದ್ದಾರೆ. ನಾನೆಂಥ ಹೆಂಗಸು?"

ಅವತ್ತಿನಿಂದಲೇ ನಿದ್ದೆ ಹೋಗಿತ್ತು.

ಈ ನೋವನ್ನು ನಾನು ಬಹಳ ಜನರಲ್ಲಿ ನೋಡಿದ್ದೇನೆ. ಕಾಗದ ಪತ್ರ ನೋಡಿದರೆ ಸಾವನ್ನು ಕರೆದಂತೆ, ದುಡ್ಡಿನ ಯೋಚನೆ ಮಾಡಿದರೆ ಪ್ರೀತಿ ಕಡಿಮೆಯಾದಂತೆ ಎಂದುಕೊಳ್ಳುತ್ತಾರೆ. ನಾನು ಸುಮಾಗೆ ಕೇಳಿದೆ, "ಆ ಬಾಂಡ್ ಸಿಕ್ಕಿದ್ದರೆ ಏನು ಮಾಡ್ತಿದ್ರಿ?" ಸ್ವಲ್ಪ ಹೊತ್ತು ಯೋಚಿಸಿ, "ಮಗಳ ಫೀಸಿಗೆ ಸಾಕಾಗುತ್ತಾ ಅಂತ ನೋಡ್ತಿದ್ದೆ" ಎಂದರು. "ಇದೇ ಚಿಂತೆ ರಮೇಶ್ ಅವರಿಗೂ ಇರಲ್ವಾ?" ಎಂದೆ. ಅಲ್ಲಿಯವರೆಗೆ ಅಳದೇ ಇದ್ದವರು ಆಗ ಅತ್ತರು.

ಮುಂದಿನ ಸಲ ಬಂದಾಗ, ರಮೇಶ್ ಈಚೆಗೆ ಮನೆಯಲ್ಲಿ ಏನೇನು ಮಾತಾಡಿದ್ದಾರೆ ಎಂದು ಒಂದೊಂದಾಗಿ ಕೇಳಿದೆ. ಬೋರ್‌ವೆಲ್ ಸ್ಟಾರ್ಟರ್ ಟ್ರಿಪ್ ಆದರೆ ಯಾವ ಬಟನ್ ಒತ್ತಬೇಕು ನೋಡ್ಕೋ ಎಂದು ಹೆಂಡತಿಯನ್ನು ಕರೆದಿದ್ದರಂತೆ. "ಸ್ಕೂಟರ್ ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ ಗೊತ್ತಾ ನಿಂಗೆ?" ಎಂದು ಮಗನಿಗೆ ಕೇಳಿದ್ದರಂತೆ. ಊರಿನ ತೋಟದ ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದೆ ಎಂದು ಎರಡು ಮೂರು ಸಲ ಎತ್ತಿದ್ದರಂತೆ. ಪ್ರತಿ ಸಲವೂ ಸುಮಾ, "ಈಗ ಅದೆಲ್ಲ ಯಾಕ್ರೀ, ಹುಷಾರಾದ ಮೇಲೆ ನೀವೇ ನೋಡ್ಕೊಂಡ್ರಾಯ್ತು" ಎಂದು ಮಾತು ಮುಗಿಸಿದ್ದರು.

ರಮೇಶ್‌ಗೆ ಎಲ್ಲ ಗೊತ್ತಿತ್ತು. ಅವರು ಮಾತು ಶುರು ಮಾಡಿ ಆಗಲೇ ಎಷ್ಟೋ ದಿನವಾಗಿತ್ತು. ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳಿ ಅಭ್ಯಾಸವಿಲ್ಲದ ಗಂಡಸರು ಸ್ಟಾರ್ಟರ್, ಪಹಣಿ, ಇನ್ಶೂರೆನ್ಸ್ ಹಿಡಿದುಕೊಂಡೇ "ನಾನಿಲ್ಲದಾಗ ನೀನು ಹೇಗಿರ್ತೀಯ" ಎಂದು ಕೇಳುತ್ತಾರೆ. ಮನೆಯವರು ಅದನ್ನು ತಡೆದರೆ ಅವರಿಗೆ ಇದ್ದ ಒಂದು ದಾರಿಯೂ ಮುಚ್ಚುತ್ತದೆ. ಹೆಂಡತಿ ಅಡುಗೆಮನೆಯಲ್ಲಿ, ಗಂಡ ಹಾಸಿಗೆಯಲ್ಲಿ, ಇಬ್ಬರೂ ಒಂದೇ ವಿಷಯವನ್ನು ಒಬ್ಬೊಬ್ಬರೇ ಹೊತ್ತಿರುತ್ತಾರೆ.

ಹಾಗಂತ ಹೋಗಿ "ನಿಮಗೆ ಇಷ್ಟೇ ದಿನ" ಎಂದು ಹೇಳಿ ಎನ್ನಲಿಲ್ಲ. ಯಾವ ಮನೆಯವರಿಗೂ ಹಾಗೆ ಹೇಳುವುದಿಲ್ಲ. ಮೊದಲು ಕೇಳಬೇಕು. "ಡಾಕ್ಟರ್ ಹೇಳಿದ್ದರಲ್ಲಿ ನಿಮಗೆ ಏನು ಅನಿಸಿತು?" ಎನ್ನಿ. "ಇನ್ನೂ ಏನಾದರೂ ತಿಳ್ಕೋಬೇಕಾ, ಬೇಡ್ವಾ?" ಎನ್ನಿ. ಬೇಡ ಎಂದರೆ ಬಿಟ್ಟುಬಿಡಿ. ತಿಳಿಯುವುದೂ ಬೇಡವೆನ್ನುವುದೂ ಅವರ ಹಕ್ಕು. ಕೇಳಿದರೆ ಮಾತ್ರ ಸುಳ್ಳು ಹೇಳಬೇಡಿ. ಉತ್ತರ ಬಾರದಿದ್ದರೆ ಕೈ ಹಿಡಿದು ಸುಮ್ನೆ ಕೂತರೂ ಸಾಕು. ಈ ಮಾತುಗಳನ್ನು ಸುಮಾ ನನ್ನೆದುರೇ ಕೆಲವು ಸಲ ಹೇಳಿ ನೋಡಿದರು, ಬಾಯಿ ತೊದಲುವುದು ನಿಲ್ಲುವವರೆಗೆ.

ಒಂದು ಸಂಜೆ ಗಂಜಿ ಕುಡಿಸುವಾಗ ರಮೇಶ್ ತಾವೇ ಕೇಳಿದರಂತೆ, "ಸಂಕ್ರಾಂತಿಗೆ ಇರ್ತೀನಾ?" ಸುಮಾ, "ಗೊತ್ತಿಲ್ಲ ರೀ. ಡಾಕ್ಟರ್ ಕಷ್ಟ ಅಂದಿದ್ದಾರೆ" ಎಂದರಂತೆ. ರಮೇಶ್ ಲೋಟ ಕೆಳಗಿಟ್ಟು, "ಹಂಗಾದ್ರೆ ಆ ನೀಲಿ ಫೈಲ್ ತಗೊಂಡು ಬಾ" ಎಂದರು. ಅವತ್ತು ಗಂಡ ಹೆಂಡತಿ ರಾತ್ರಿ ಹನ್ನೊಂದರವರೆಗೆ ಮಾತಾಡಿದರು. ಮೊದಲು ಪಿಎಫ್, ಆಮೇಲೆ ಮಗಳ ಮದುವೆ, ಆಮೇಲೆ ತಾವು ಮೊದಲು ಬಾಡಿಗೆಗಿದ್ದ ವಠಾರದ ಮನೆ.

ಫೈಲಿನಲ್ಲಿ ಇದ್ದದ್ದರ ಬಗ್ಗೆ ವಿವರವಾಗಿಯೇ ಬರೆಯುತ್ತೇನೆ. ಇಂಥ ಮನೆಗಳಲ್ಲಿ ಸಲಹೆ ಎಂದರೆ ಸಮಾಧಾನ ಹೇಳುವುದಷ್ಟೇ ಅಲ್ಲ.

ಮೊದಲನೆಯದು ಕೆಲಸ. ರಜೆ ಮುಗಿಯುತ್ತಾ ಬಂದಿತ್ತು, ರಾಜೀನಾಮೆ ಕೊಟ್ಟು ಪಿಎಫ್ ಪೂರ್ತಿ ತೆಗೆದು ಚಿಕಿತ್ಸೆಗೆ ಹಾಕೋಣ ಎಂದುಕೊಂಡಿದ್ದರು. ನಾನು ತಕ್ಷಣ ತಡೆದೆ. ಪಿಎಫ್ ಜೊತೆಗೇ ಇಡಿಎಲ್‌ಐ ಎಂಬ ವಿಮೆ ಇರುತ್ತದೆ. ನೌಕರ ಕೆಲಸದಲ್ಲಿ ಇರುವಾಗಲೇ ತೀರಿಕೊಂಡರೆ ಮನೆಯವರಿಗೆ 7 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ರಾಜೀನಾಮೆ ಕೊಟ್ಟರೆ ಅದೂ ಹೋಗುತ್ತದೆ, ಕಂಪನಿಯ ಗುಂಪು ವಿಮೆಯೂ ಹೋಗಬಹುದು. ಚಿಕಿತ್ಸೆಗೆ ದುಡ್ಡು ಬೇಕಾದರೆ ಕೆಲಸ ಬಿಡದೆಯೇ ಪಿಎಫ್‌ನಿಂದ ಮುಂಗಡ ತೆಗೆಯಬಹುದು. ಎಚ್‌ಆರ್ ಬಳಿ ಹೋಗಿ, ಸಂಬಳವಿಲ್ಲದ ರಜೆಯಾದರೂ ಸರಿ, ಹೆಸರು ರೋಲ್‌ನಲ್ಲಿ ಉಳಿಸಿ ಎಂದು ಬರಹದಲ್ಲಿ ಕೇಳಿ ಎಂದೆ. ಕೇಳಿದರು, ಉಳಿಸಿದರು. ನೌಕರ ತೀರಿಕೊಂಡ ಮೇಲೆ ಹೆಂಡತಿಗೆ ಪಿಂಚಣಿಯೂ, ಮಕ್ಕಳಿಬ್ಬರಿಗೆ 25 ವರ್ಷದವರೆಗೆ ಒಂದು ಪಾಲೂ ಬರುತ್ತದೆ. ಇದು ಸುಮಾಗೆ ಗೊತ್ತೇ ಇರಲಿಲ್ಲ.

ಮದುವೆಗೆ ಮುಂಚೆ ಮಾಡಿಸಿದ ಎಲ್‌ಐಸಿ ಪಾಲಿಸಿಗೆ ಎಂದೋ ತೀರಿಹೋದ ಮಾವನೇ ಇನ್ನೂ ನಾಮಿನಿ. ಬದಲಾಯಿಸಲು ರಮೇಶ್ ಸಹಿಯೇ ಬೇಕು. ಸಹಿ ಹಾಕುವ ಶಕ್ತಿ ಇರುವಾಗಲೇ ಆಗಬೇಕಾದ ಕೆಲಸ ಇದು. ಸಂಬಳದ ಖಾತೆ ಅವರೊಬ್ಬರ ಹೆಸರಿನಲ್ಲಿತ್ತು. ಜಂಟಿ ಖಾತೆ ಮಾಡಿಸಿ, ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು ಹಣ ತೆಗೆಯುವಂತೆ ಬರೆಸಿ ಎಂದೆ. ಮನೆ ಸಾಲಕ್ಕೆ ವಿಮೆ ಇದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ ಎಂದೆ. ಅವರ ಮೊಬೈಲ್ ಸಿಮ್ ಮಾತ್ರ ಬೇಗ ನಿಲ್ಲಿಸಬೇಡಿ, ಒಟಿಪಿ ಎಲ್ಲ ಅದಕ್ಕೇ ಬರುತ್ತದೆ.

ವಿಲ್ ವಿಷಯದಲ್ಲಿ ಮನೆಯಲ್ಲಿ ಜಗಳವೇ ಆಯಿತು. "ಇನ್ನೂ ಬದುಕಿರೋವಾಗ ಅಪಶಕುನ" ಎಂದು ಮೈದುನ ಎದ್ದು ಹೋದರು. ಆದರೆ ಇವರಿಗೆ ವಿಲ್ ಬೇಕೇ ಬೇಕಿತ್ತು. ವಿಲ್ ಇಲ್ಲದೆ ಹಿಂದೂ ಗಂಡಸು ತೀರಿಕೊಂಡರೆ, ಅವನ ಸ್ವಂತ ದುಡಿಮೆಯ ಮನೆ ಹೆಂಡತಿ, ಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು. ಮಗನಿಗಿನ್ನೂ 18 ಆಗಿಲ್ಲ. ಅವನ ಪಾಲನ್ನು ಮಾರಲು ತಾಯಿಯೇ ಆದರೂ ಕೋರ್ಟಿನ ಅನುಮತಿ ಬೇಕು. ನಾಮಿನಿ ಎಂದ ಮಾತ್ರಕ್ಕೆ ಹಣದ ಮಾಲೀಕರಾಗುವುದಿಲ್ಲ ಎನ್ನುವುದೂ ಬಹಳ ಜನರಿಗೆ ತಿಳಿದಿಲ್ಲ. ವಿಲ್‌ಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಬೇಕು, ಆಸ್ತಿ ಪಡೆಯುವವರು ಸಾಕ್ಷಿ ಹಾಕದಿದ್ದರೆ ಒಳ್ಳೆಯದು. ಇವರಿಗೆ ನಾನು ಹೇಳಿದ್ದು, ನೋವಿನ ಔಷಧಿ ಜಾಸ್ತಿಯಾಗಿ ಮಂಪರು ಬರುವ ಮೊದಲೇ ಮಾಡಿ, ಮನಸ್ಸು ಸ್ವಸ್ಥವಾಗಿದೆ ಎಂದು ಡಾಕ್ಟರ್ ಚೀಟಿ ತಗೊಳ್ಳಿ, ಸಾಧ್ಯವಾದರೆ ನೋಂದಣಿಯನ್ನೂ ಮಾಡಿಸಿ ಎಂದು. ಹಾಸಿಗೆ ಹಿಡಿದವರಿದ್ದರೆ ಸಬ್ ರಿಜಿಸ್ಟ್ರಾರ್ ಮನೆಗೇ ಬರಲು ಕಾನೂನಿನಲ್ಲಿ ಅವಕಾಶವಿದೆ. ಉಳಿದದ್ದಕ್ಕೆ ವಕೀಲರ ಬಳಿ ಕಳಿಸಿದೆ. ರಮೇಶ್ ತಮ್ಮ ವಿಲ್‌ನಲ್ಲಿ ತಾಯಿ ಬದುಕಿರುವವರೆಗೂ ಅದೇ ಮನೆಯಲ್ಲಿ ಇರಬೇಕು ಎಂದು ಬರೆಸಿದರು. ಅದನ್ನು ಓದಿದ ಮೇಲೆ ಮೈದುನನ ಸಿಟ್ಟು ಇಳಿಯಿತು.

ಸೈಟು ಮಾರಿ ಇನ್ನೊಂದು ಸುತ್ತು ಕೀಮೋ ಕೊಡಿಸಬೇಕೇ ಎನ್ನುವುದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಅದನ್ನು ನಾನು ತೀರ್ಮಾನಿಸಲಾರೆ. "ಈ ಔಷಧಿಯಿಂದ ಎಷ್ಟು ಸಮಯ ಸಿಗಬಹುದು, ಆ ಸಮಯದಲ್ಲಿ ಇವರು ಮನೆಯಲ್ಲಿ ಓಡಾಡಿಕೊಂಡು ಇರ್ತಾರಾ, ಆಸ್ಪತ್ರೆಯಲ್ಲೇ ಇರ್ತಾರಾ?" ಈ ಎರಡನ್ನು ಡಾಕ್ಟರ್‌ಗೆ ರಮೇಶ್ ಎದುರೇ ಕೇಳಿ ಎಂದೆ. ಉತ್ತರ ಕೇಳಿದ ಮೇಲೆ ಬೇಡ ಎಂದವರು ರಮೇಶ್. ಆ ತೀರ್ಮಾನ ಅವರೇ ಮಾಡಿದ್ದರಿಂದ, ಮುಂದೆ "ದುಡ್ಡಿಗೆ ನೋಡ್ಕೊಂಡ್ರು" ಎಂದು ಯಾರೋ ನೆಂಟರು ಆಡಿದ ಮಾತು ಸುಮಾ ಅವರನ್ನು ಹೆಚ್ಚು ಚುಚ್ಚಲಿಲ್ಲ.

ಕೀಮೋ ನಿಲ್ಲಿಸಿದರೆ ಚಿಕಿತ್ಸೆಯೇ ನಿಂತಿತು ಎಂದಲ್ಲ. ನೋವು, ವಾಕರಿಕೆ, ಉಸಿರಾಟದ ಕಷ್ಟ ತಗ್ಗಿಸುವ ಉಪಶಾಮಕ ಆರೈಕೆ ಎಂಬ ಬೇರೆ ವಿಭಾಗವೇ ಇದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಅದು ಸಿಗುತ್ತದೆ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿನ ಕರುಣಾಶ್ರಯ ಎಂಬ ಆರೈಕೆ ಕೇಂದ್ರ ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ. ಮಾರ್ಫಿನ್ ಮಾತ್ರೆ ಎಂದ ಕೂಡಲೇ ಸುಮಾ ಹೆದರಿದರು. ಚಟ ಹತ್ತುತ್ತೆ, ಬೇಗ ಹೋಗ್ತಾರೆ ಎಂದು ಯಾರೋ ಹೇಳಿದ್ದರು. ಡಾಕ್ಟರ್ ಹೇಳಿದ ಅಳತೆಯಲ್ಲಿ, ಹೇಳಿದ ಹೊತ್ತಿಗೆ ಕೊಟ್ಟರೆ ಎರಡೂ ನಿಜವಲ್ಲ. ಮಲಬದ್ಧತೆ ಆಗುತ್ತದೆ, ಅದಕ್ಕೆ ಜೊತೆಗೇ ಔಷಧಿ ಕೊಡುತ್ತಾರೆ. ನೋವು ಹೆಚ್ಚಾಗುವವರೆಗೆ ತಡೆದುಕೊಂಡು ಆಮೇಲೆ ಕೊಡುವುದೇ ತಪ್ಪು. ಮಾರ್ಫಿನ್ ಶುರುವಾದ ವಾರದಲ್ಲೇ ರಮೇಶ್ ವರಾಂಡದಲ್ಲಿ ಕೂತು ಪೇಪರ್ ಓದಿದರು.

ವೆಂಟಿಲೇಟರ್ ಬೇಡ ಎನ್ನುವುದನ್ನೂ ಅವರು ಬರೆದಿಟ್ಟರು. ಅದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿಗೆ ಕೊಟ್ಟಿದೆ, 2023ರಲ್ಲಿ ಕ್ರಮವನ್ನು ಸರಳ ಮಾಡಿದೆ: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದಕ್ಕಾಗಿ ಸುತ್ತೋಲೆ ಹೊರಡಿಸಿದೆ.

ಮಗನಿಗೆ ಅಪ್ಪನೇ ಹೇಳಿದರು. ಪರೀಕ್ಷೆ ಮುಗಿಯಲಿ ಎಂದು ಕಾದಿದ್ದರೆ ಕಾಲ ಮೀರುತ್ತಿತ್ತು. ಅವನು ಅವತ್ತಿನಿಂದ ಅಪ್ಪನ ಮಂಚದ ಕೆಳಗೆ ಚಾಪೆ ಹಾಸಿ ಮಲಗತೊಡಗಿದ. ಓದಿಗೆ ತೊಂದರೆ ಎಂದು ಅತ್ತೆ ಗೊಣಗಿದರು. ಬಿಡಿ, ಮಲಗಲಿ ಎಂದೆ.

ಸುಮಾ ತಮ್ಮನ್ನು ತಾವು ನೋಡಿಕೊಳ್ಳಲು ಒಪ್ಪಿದ್ದು ಕಷ್ಟದಿಂದ. ವಾರಕ್ಕೆರಡು ರಾತ್ರಿ ಮೈದುನ ಎಚ್ಚರವಿರುವುದು, ನೋಡಲು ಬರುವವರಿಗೆ ಸಂಜೆ ಒಂದು ಗಂಟೆ ಮಾತ್ರ, ವಾಟ್ಸ್ಯಾಪಿನಲ್ಲಿ ಬರುವ ನಾಟಿ ಔಷಧಿಯ ಸಲಹೆಗಳಿಗೆ ಮಗಳು ಉತ್ತರಿಸುವುದು, ಇಷ್ಟು ಮಾಡಿದೆವು. ಮಧ್ಯೆ ಒಮ್ಮೆ, "ಬೇಗ ಮುಗಿದುಹೋಗ್ಲಿ ಅನ್ಸುತ್ತೆ ಮೇಡಂ" ಎಂದು ತಲೆ ತಗ್ಗಿಸಿದರು. ಹಗಲೂ ರಾತ್ರಿ ಆರೈಕೆ ಮಾಡುವವರಿಗೆ ಈ ಯೋಚನೆ ಬರುತ್ತದೆ. ದಣಿವು ಆಡಿಸುವ ಮಾತು ಅದು, ಗಂಡನ ನರಳಾಟ ನೋಡಲಾರದ ಮಾತು. ಆದರೆ "ನಾನೂ ಇರಬಾರದು" ಎನ್ನುವ ಯೋಚನೆ ಬಂದರೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಎಂದು ನಂಬರನ್ನು ಅವರ ಫೋನಿನಲ್ಲೇ ಹಾಕಿಕೊಟ್ಟೆ.

ಕೊನೆಯ ದಿನಗಳಲ್ಲಿ ರಮೇಶ್ ಊಟ ಬಿಟ್ಟರು. ಅತ್ತೆ ಚಮಚ ಹಿಡಿದು ಬಲವಂತ ಮಾಡುತ್ತಿದ್ದರು. ದೇಹ ಮುಗಿಯುವ ಹಂತದಲ್ಲಿ ಹಸಿವು ತಾನೇ ಹೋಗುತ್ತದೆ, ಬಲವಂತ ಮಾಡಿದರೆ ಉಸಿರಿನ ನಾಳಕ್ಕೆ ಹೋಗಬಹುದು. ಒದ್ದೆ ಹತ್ತಿಯಿಂದ ತುಟಿ ಒರೆಸುವ ಕೆಲಸವನ್ನು ಅತ್ತೆಗೆ ಕೊಟ್ಟೆವು. ಮಗನಿಗೆ ಏನೋ ಮಾಡುತ್ತಿದ್ದೇನೆ ಎಂಬ ಸಮಾಧಾನ ಆ ತಾಯಿಗೂ ಬೇಕಿತ್ತು.

ರಮೇಶ್ ಮನೆಯಲ್ಲೇ ತೀರಿಕೊಂಡರು, ಸಂಕ್ರಾಂತಿ ಕಳೆದು ಒಂಬತ್ತನೆಯ ದಿನ. ಮನೆಯಲ್ಲಿ ಸಾವಾದರೆ ನೋಡುತ್ತಿದ್ದ ಡಾಕ್ಟರ್ ಕೈಯಲ್ಲಿ ಸಾವಿನ ಕಾರಣದ ಪ್ರಮಾಣಪತ್ರ ತಗೋಬೇಕು, 21 ದಿನದೊಳಗೆ ನೋಂದಣಿ ಮಾಡಿಸಬೇಕು. ಮರಣ ಪ್ರಮಾಣಪತ್ರದ ಪ್ರತಿಗಳನ್ನು ಒಮ್ಮೆಗೇ ಹತ್ತಾದರೂ ತಗೊಳ್ಳಿ ಎಂದಿದ್ದೆ. ಅವರ ಎಟಿಎಂ ಕಾರ್ಡು, ಯುಪಿಐ ಇನ್ನು ಮುಟ್ಟಬೇಡಿ ಎಂದೂ ಹೇಳಿದ್ದೆ, ಪಿನ್ ಗೊತ್ತಿದ್ದರೂ. ಈ ಕೆಲಸಗಳನ್ನು ಮೈದುನ ಓಡಾಡಿ ಮಾಡಿದರು. ಪಿಎಫ್, ಇಡಿಎಲ್‌ಐ ಹಣ ಬಂದಿದೆ, ಪಿಂಚಣಿ ಶುರುವಾಗಿದೆ. ಊರಿನ ತೋಟಕ್ಕೆ ಮಾವನ ಕಾಲದ ವಂಶವೃಕ್ಷ ಮಾಡಿಸಿ, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅರ್ಜಿ ಹಾಕಿದ್ದಾರೆ, ಅದಿನ್ನೂ ನಾಡಕಚೇರಿಯಲ್ಲಿದೆ.

ಸುಮಾ ಈಗಲೂ ಬರುತ್ತಾರೆ. ನಿದ್ದೆ ಪರವಾಗಿಲ್ಲ. ಮಗಳ ಕೋಪ ಮಾತ್ರ ಕಡಿಮೆಯಾಗಿಲ್ಲ. ತಮ್ಮನಿಗೆ ಹೇಳಿ ಮೂರು ವಾರವಾದ ಮೇಲೆ ತನಗೆ ಹೇಳಿದರು, ಆ ಮೂರು ವಾರ ತಾನು ಹಾಸ್ಟೆಲಿನಲ್ಲಿ ಸುಮ್ನೆ ಕಳೆದೆ ಎಂದು ಅಮ್ಮನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಆ ಕೋಪ ನ್ಯಾಯವಾದದ್ದೇ, ಅದಕ್ಕೆ ಸಬೂಬು ಹೇಳಬೇಡಿ, ಪೂರ್ತಿ ಕೇಳಿಸಿಕೊಳ್ಳಿ ಎಂದು ಸುಮಾಗೆ ಹೇಳಿದ್ದೇನೆ. ಮುಂದಿನ ಶನಿವಾರ ಮಗಳನ್ನು ಒಬ್ಬಳನ್ನೇ ಬರಹೇಳಿದ್ದೇನೆ.