ಹೆಂಡತಿಗೆ ಬ್ಲಡ್ ಕ್ಯಾನ್ಸರ್, ವರ್ಷವಾದರೂ ರಿಪೋರ್ಟ್ 0.4ರಲ್ಲೇ ನಿಂತಿದೆ. ಗಂಡನಾಗಿ ನಾನೇನು ಮಾಡಲಿ?

ನಿಮ್ಮ ಮನೆಯವರಿಗೆ ಸಿಎಂಎಲ್ ಅನ್ನುವ ಬ್ಲಡ್ ಕ್ಯಾನ್ಸರ್, ಇಮಾಟಿನಿಬ್ ಮಾತ್ರೆ ಶುರುವಾಗಿ ಒಂದು ವರ್ಷ, ಬಿಸಿಆರ್-ಎಬಿಎಲ್ (ಈ ಕಾಯಿಲೆಯ ಗುರುತಿನ ಜೀನ್ ರಕ್ತದಲ್ಲಿ ಶೇಕಡಾ ಎಷ್ಟಿದೆ ಅನ್ನುವ ಲೆಕ್ಕ) 0.4ಕ್ಕೆ ಬಂದು ನಿಂತಿದೆ, ಡಾಕ್ಟರ್ 'ಇನ್ನೂ ಇಳಿಯಬೇಕು' ಅಂದಿದ್ದಾರೆ, ಅದೇ ವಿಷಯಕ್ಕೆ ಮನೆಯಲ್ಲಿ ದಿನಾ ಮಾತು ಬೆಳೆಯುತ್ತಿದೆ ಅಂತ ಬರೆದಿದ್ದೀರಿ. ಓದುವಾಗ ನಮ್ಮ ಮನೆಯೇ ಕಣ್ಮುಂದೆ ಬಂತು. ನಾನು ಶಿಡ್ಲಘಟ್ಟದ ಹತ್ತಿರದ ಹಳ್ಳಿಯವನು, ರೇಷ್ಮೆ ಬೆಳೆಗಾರ. ನನ್ನ ಹೆಂಡತಿಗೂ ಇದೇ ಕಾಯಿಲೆ, ಆರು ವರ್ಷದಿಂದ ಮಾತ್ರೆ ನಡೆಯುತ್ತಿದೆ. ನಾನು ಡಾಕ್ಟರ್ ಅಲ್ಲ. ನಮಗೆ ಆದದ್ದನ್ನು ಹೇಳುತ್ತೇನೆ.

ಮೊದಲು ಆ 0.4. ಮೂರು ತಿಂಗಳಿಗೆ 10ರ ಒಳಗೆ, ಆರು ತಿಂಗಳಿಗೆ 1ರ ಒಳಗೆ, ವರ್ಷಕ್ಕೆ 0.1ರ ಒಳಗೆ ಬರಬೇಕು ಅನ್ನುವುದು ಡಾಕ್ಟರುಗಳು ಇಟ್ಟುಕೊಂಡಿರುವ ಲೆಕ್ಕ. ವರ್ಷದ ಹೊತ್ತಿಗೆ 0.1ರಿಂದ 1ರ ನಡುವೆ ಇದ್ದರೆ 'ಹುಷಾರಾಗಿ ನೋಡಿ' ಅಂತ ಅರ್ಥ, ಔಷಧ ಸೋತಿತು ಅಂತ ಅಲ್ಲ. ಮಾತ್ರೆ ತಪ್ಪುತ್ತಿದೆಯಾ, ಬೇರೆ ಯಾವುದಾದರೂ ಔಷಧ ಅಡ್ಡ ಬರುತ್ತಿದೆಯಾ ಅಂತ ಕೇಳುತ್ತಾರೆ. ಬೇಕಾದರೆ ಮ್ಯುಟೇಷನ್ ಟೆಸ್ಟ್ (ಔಷಧಕ್ಕೆ ಬಗ್ಗದ ಹಾಗೆ ಆ ಜೀನ್ ಬದಲಾಗಿದೆಯಾ ಅಂತ ನೋಡುವುದು) ಮಾಡಿಸಿ, ಡಸಾಟಿನಿಬ್ ಅಥವಾ ನಿಲೋಟಿನಿಬ್ ಅನ್ನುವ ಬೇರೆ ಔಷಧಕ್ಕೆ ಬದಲಾಯಿಸುತ್ತಾರೆ. 0.1 ದಾಟಿದ ಮೇಲಿನ ಮೆಟ್ಟಿಲು 0.01, ಅದಕ್ಕೂ ಕೆಳಗೆ 0.0032. ಅಲ್ಲಿಗೆ ಹೋಗಲು ಕೆಲವರಿಗೆ ವರ್ಷಗಟ್ಟಲೆ ಹಿಡಿಯುತ್ತದೆ. ಟೆಸ್ಟನ್ನು ಪ್ರತಿ ಸಲ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ಲ್ಯಾಬ್ ಬದಲಾದರೆ ಸಂಖ್ಯೆಯೂ ಅಷ್ಟಿಷ್ಟು ಆಚೀಚೆ ಆಗುತ್ತದೆ, ಸುಮ್ನೆ ನಿದ್ದೆಗೆಡುತ್ತೀರಿ.

ಈಗ ನನ್ನ ತಪ್ಪು ಹೇಳಬೇಕು. ಎರಡನೇ ವರ್ಷ ನಮ್ಮದು 0.08ಕ್ಕೆ ಇಳಿದಿತ್ತು, ಮುಂದಿನ ರಿಪೋರ್ಟ್ 0.3. ನನಗೆ ತಲೆ ಕೆಟ್ಟುಹೋಯಿತು. ಸರಿಯಾಗಿ ತಿನ್ನಲ್ಲ, ರೆಸ್ಟ್ ತಗೊಳ್ಳಲ್ಲ ಅಂತ ಅವಳ ಹಿಂದೆ ಬಿದ್ದೆ. ಒಂದು ದಿನ ಗೋಡೆಗೂಡಿನಲ್ಲಿ ಬ್ಯಾಟರಿ ಹುಡುಕುವಾಗ, ಹಳೇ ಪಂಚಾಂಗದ ಹಿಂದೆ ಮಾತ್ರೆ ಸಿಕ್ಕಿತು. ಹನ್ನೊಂದು. ಪೇಪರಿನಲ್ಲಿ ನೀಟಾಗಿ ಸುತ್ತಿಟ್ಟಿದ್ದಳು.

ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು. ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ವಿಪರೀತ ತಿನ್ನುತ್ತದೆ, ರಾತ್ರಿಯೂ ಸೊಪ್ಪು ಹಾಕಬೇಕು. ರಾತ್ರಿ ಮಾತ್ರೆ ತಗೊಂಡರೆ ಅವಳಿಗೆ ವಾಕರಿಕೆ, ಮೀನಖಂಡ ಹಿಡಿದುಕೊಳ್ಳುವುದು. ನಿಂತು ಕೆಲಸ ಮಾಡಲು ಆಗದೆ ಆ ದಿನಗಳಲ್ಲಿ ಮಾತ್ರೆ ಬಿಟ್ಟಿದ್ದಳು. ಯಾಕೆ ಹೇಳಲಿಲ್ಲ ಅಂದೆ. 'ಹೇಳಿದ್ರೆ ಬೈತೀರಿ ಅಂತ' ಅಂದಳು. ಅಷ್ಟೇ ಅಂದಳು. ನನಗೆ ಅವತ್ತು ಊಟ ಸೇರಲಿಲ್ಲ.

ಇದರಲ್ಲಿ ಮಾತ್ರೆಯೇ ಎಲ್ಲ. ಆ ಮಾತ್ರೆ ತಪ್ಪಿದ್ದನ್ನು ಹೇಳಲು ಹೆದರುವ ಮನೆ ಮಾಡಿದ್ದು ನಾನು. ನೀವು ಮಾಡಬೇಕಾದ ಮೊದಲ ಕೆಲಸ, 'ತಪ್ಪಿತು' ಅಂತ ಅವರು ಹೇಳಿದರೆ ಮುಖ ಗಂಟಿಕ್ಕದೆ ಕೇಳಿಸಿಕೊಳ್ಳುವುದು. ಡಾಕ್ಟರ್ ಹತ್ತಿರವೂ ಮುಚ್ಚಿಡಬೇಡಿ. ನಾವು ಹೇಳಿದ ಮೇಲೆ ಅವರು ಹೊತ್ತು ಬದಲಾಯಿಸಿದರು. ಇಮಾಟಿನಿಬ್‌ ಹೊಟ್ಟೆ ತುಂಬ ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ ತಗೊಳ್ಳಬೇಕು. ನಮ್ಮಲ್ಲಿ ದೊಡ್ಡ ಊಟ ಅಂದರೆ ಮಧ್ಯಾಹ್ನದ ಮುದ್ದೆ, ಸಾರು. ಅದರ ಜೊತೆಗೆ ತಗೊಳ್ಳಲು ಶುರುಮಾಡಿದ ಮೇಲೆ ವಾಕರಿಕೆ ಎಷ್ಟೋ ಕಡಿಮೆಯಾಯಿತು. ಒಂದು ಹೊತ್ತು ಮರೆತರೆ ಮಾರನೇ ದಿನ ಎರಡು ನುಂಗಬಾರದು. ಬೆಳಿಗ್ಗೆ ಕಣ್ಣಿನ ಸುತ್ತ ಊತ ಕಂಡರೆ ಗಾಬರಿ ಬೇಡ, ಈ ಮಾತ್ರೆಗೆ ಅದು ಮಾಮೂಲು, ಆದರೂ ಡಾಕ್ಟರ್‌ಗೆ ಹೇಳಿ. ಮುಂದೆ ನಿಲೋಟಿನಿಬ್‌ಗೆ ಬದಲಾದರೆ ಲೆಕ್ಕ ಉಲ್ಟಾ: ಅದು ಖಾಲಿ ಹೊಟ್ಟೆಗೆ, ಎರಡು ಗಂಟೆ ಮೊದಲು ಮತ್ತು ಒಂದು ಗಂಟೆ ಆಮೇಲೆ ಏನೂ ತಿನ್ನುವಂತಿಲ್ಲ.

ಇನ್ನೊಂದು. 'ಗ್ರೇಪ್‌ಫ್ರೂಟ್ ತಿನ್ನಬಾರದು' ಅಂತ ಓದಿ ನಾನು ಒಂದು ವರ್ಷ ಮನೆಗೆ ದ್ರಾಕ್ಷಿ ತರಲೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ದ್ರಾಕ್ಷಿ ತೋಟಕ್ಕೇನು ಕಡಿಮೆ, ಅವಳಿಗೆ ಅದೆಂದರೆ ಪ್ರಾಣ. ಅದು ದ್ರಾಕ್ಷಿ ಅಲ್ಲ, ಚಕ್ಕೋತದ ಜಾತಿಯ ಹಣ್ಣು ಅಂತ ಡಾಕ್ಟರ್ ಹೇಳಿದ ಮೇಲೆ ಗೊತ್ತಾಯಿತು. ಬೆಂಗಳೂರಿಗೆ ಹೋಗುವಾಗ ದೇವನಹಳ್ಳಿಯಲ್ಲಿ ಇಳಿದು ಕೊಳ್ಳುತ್ತಿದ್ದ ಚಕ್ಕೋತವನ್ನೇ ಬಿಡಬೇಕಿತ್ತು! ಆ ಎರಡೂ ಹಣ್ಣುಗಳು ರಕ್ತದಲ್ಲಿ ಔಷಧದ ಪ್ರಮಾಣವನ್ನು ಏರುಪೇರು ಮಾಡಬಲ್ಲವು. ನೆಂಟರು ಕೊಡುವ ಕಷಾಯ, ಸೊಪ್ಪಿನ ರಸವನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ.

ಖರ್ಚಿನ ಬಗ್ಗೆ: ಈ ಮಾತ್ರೆಯ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ತಳ್ಳಿಹಾಕಿದ್ದರಿಂದ ನಮ್ಮ ದೇಶದ ಕಂಪನಿಗಳ ಮಾತ್ರೆ ಅಗ್ಗಕ್ಕೆ ಸಿಗುತ್ತಿದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಏನೇನು ಸೇರುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಹಬ್ಬಕ್ಕೆ ಮುಂಚೆ ಎರಡು ವಾರದ ಮಾತ್ರೆ ಜಾಸ್ತಿ ಇಟ್ಟುಕೊಳ್ಳಿ.

ಸುಸ್ತಿನ ಬಗ್ಗೆ ನನಗೆ ಬುದ್ಧಿ ಹೇಳಿದ್ದು ಅವಳೇ. ನೋಡುವವರಿಗೆ ಚೆನ್ನಾಗಿಯೇ ಕಾಣುತ್ತಾಳೆ, ಆದರೆ ಕೆಲವು ದಿನ ಎದ್ದು ನೀರು ಕುಡಿಯಲೂ ಆಗುವುದಿಲ್ಲ. ಅಂಥ ಒಂದು ದಿನ ಎಳನೀರು, ಗಂಜಿ ಅಂತ ನಾನು ಐದು ನಿಮಿಷಕ್ಕೊಮ್ಮೆ ಹೋಗಿ ನಿಲ್ಲುತ್ತಿದ್ದೆ. 'ರೀ, ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕ್ತೀರಾ? ಮುಟ್ಟದೆ ಬಿಡ್ತೀರಲ್ವಾ? ನನ್ನನ್ನೂ ಸ್ವಲ್ಪ ಹೊತ್ತು ಬಿಡಿ' ಅಂದಳು. ಅವತ್ತಿನಿಂದ ನಾನು ಕೇಳುವುದು ಕಡಿಮೆ ಮಾಡಿದೆ, ರಾತ್ರಿ ಸೊಪ್ಪು ಹಾಕುವುದನ್ನು ನಾನೇ ವಹಿಸಿಕೊಂಡೆ.

ಈಗ ನಮ್ಮದು 0.01ರ ಕೆಳಗಿದೆ. ಇಷ್ಟು ಇಳಿದು ಹಲವು ವರ್ಷ ಹಾಗೇ ನಿಂತರೆ, ಡಾಕ್ಟರ್ ಕಣ್ಗಾವಲಿನಲ್ಲಿ ಮಾತ್ರೆ ನಿಲ್ಲಿಸಿ ನೋಡುವುದೂ ಉಂಟು. ಸುಮಾರು ಅರ್ಧ ಜನರಿಗೆ ಕಾಯಿಲೆ ಮತ್ತೆ ಕಾಣಿಸಿಕೊಳ್ಳುತ್ತದೆ, ಮಾತ್ರೆ ಮತ್ತೆ ಶುರುಮಾಡಿದರೆ ಹೆಚ್ಚಿನವರಿಗೆ ಹತೋಟಿಗೆ ಬರುತ್ತದೆ. ನಾವಾಗಿ ಯಾವತ್ತೂ ನಿಲ್ಲಿಸುವಂತಿಲ್ಲ.

ಮುಂದಿನ ಟೆಸ್ಟ್‌ಗೆ ಮೊದಲು ನಿಮ್ಮ ಮನೆಯವರನ್ನೇ ಕೇಳಿ, ರಿಪೋರ್ಟ್ ಯಾರು ನೋಡಬೇಕು, ಯಾವಾಗ ನೋಡಬೇಕು ಅಂತ. ಮುಂಚೆ ಫೋನ್ 'ಟಿಂಗ್' ಅಂದ ಕೂಡಲೇ ನಾನು ಕಿತ್ತುಕೊಂಡು ನೋಡುತ್ತಿದ್ದೆ. ಈಗ ಅವಳೇ ನೋಡುತ್ತಾಳೆ. ಹುಳು ಮನೆಯ ಕೆಲಸ ಮುಗಿಸಿ, ಕೈಕಾಲು ತೊಳೆದು, ಜಗುಲಿಯಲ್ಲಿ ಕೂತು. ನಾನು ಪಕ್ಕದಲ್ಲಿ ಕೂತಿರುತ್ತೇನೆ.